ಚಕ್ರದ ಮೇಲೆ ಬಂದು ಬೇರು ಬಿಟ್ಟ ಡೈನರ್

(ಗ್ರಂಥಾಲಯವೊಂದರಲ್ಲಿ ಶನಿವಾರ ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಒಂದೆರಡು ಸಾಲು ಸೇರಿಸಿದ್ದೇನೆ. ಉಳಿದದ್ದು ಅವತ್ತು ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ನಾನು ಅಮೆರಿಕದಲ್ಲಿ 11 ವರ್ಷ ಇದ್ದೆ. 2008ರಿಂದ 2019ರವರೆಗೆ, ನ್ಯೂಜೆರ್ಸಿಯ ಒಂದು ಸಣ್ಣ ಊರಿನಲ್ಲಿ. ಅಲ್ಲಿಂದ ಬಂದೆ ಅಂದರೆ ಜನ ನಯಾಗರಾ ಹೇಗಿತ್ತು ಅಂತ ಕೇಳುತ್ತಾರೆ. ಚೆನ್ನಾಗಿತ್ತು. ಆದರೆ ಆ ದೇಶ ಅಂದ ಕೂಡಲೇ ನನ್ನ ಕಣ್ಣ ಮುಂದೆ ಬರುವುದು ನಮ್ಮ ಬೀದಿಯ ತಿರುವಿನಲ್ಲಿದ್ದ ಒಂದು ಡೈನರ್. ಅದರ ಬಾಗಿಲಿನಿಂದ ನಾಲ್ಕನೇ ಸ್ಟೂಲು. ಕೆಂಪು ರೆಕ್ಸಿನ್ನಿನ ಸೀಟು, ಒಂದು ಕಡೆ ಹರಿದು, ಅದಕ್ಕೆ ಕೆಂಪು ಟೇಪು ಅಂಟಿಸಿದ್ದರು. ಟೇಪಿನ ಅಂಚು ಪ್ಯಾಂಟಿಗೆ ತಗಲಿ ತಗಲಿ ಕಪ್ಪಾಗಿತ್ತು. ನಾನು ಕೂರುತ್ತಿದ್ದದ್ದು ಅಲ್ಲೇ.

ಇವತ್ತು ಆ ಸ್ಟೂಲಿನಿಂದ ಕಂಡದ್ದನ್ನು ಹೇಳುತ್ತೇನೆ. ಜೊತೆಗೆ ಡೈನರ್ ಅನ್ನುವ ವಸ್ತು ಎಲ್ಲಿಂದ ಬಂತು ಅನ್ನುವುದನ್ನೂ ಹೇಳುತ್ತೇನೆ. ಆ ಕಥೆ ಗೊತ್ತಿಲ್ಲದೆ ಈ ಕಥೆ ಪೂರ್ತಿ ಅರ್ಥ ಆಗುವುದಿಲ್ಲ.

ಡೈನರ್ ಅಂದರೆ ಊಟ ತಿಂಡಿಯ ಹೋಟೆಲು. ಅಷ್ಟು ಹೇಳಿದರೆ ಸಾಲದು, ಅದರ ಆಕಾರ ನೋಡಬೇಕು. ಉದ್ದ ಜಾಸ್ತಿ, ಅಗಲ ಕಮ್ಮಿ. ರೈಲಿನ ಬೋಗಿಯೊಂದನ್ನು ತಂದು ರಸ್ತೆ ಪಕ್ಕ ನಿಲ್ಲಿಸಿದ ಹಾಗೆ. ಒಳಗೆ ಈ ತುದಿಯಿಂದ ಆ ತುದಿಗೆ ಒಂದೇ ಕೌಂಟರು. ಅದರ ಮುಂದೆ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ, ಗಿರ್ರನೆ ತಿರುಗುವ ದುಂಡು ಸ್ಟೂಲುಗಳು. ಕೌಂಟರಿನ ಆಚೆ ಅಗಲವಾದ ಕಾವಲಿ, ಅದರ ಹಿಂದಿನ ಗೋಡೆಗೆ ಫಳಫಳ ಹೊಳೆಯುವ ಸ್ಟೀಲಿನ ಹಾಳೆ. ಕಿಟಕಿ ಪಕ್ಕ ಎದುರುಬದುರು ಬೆಂಚು, ನಡುವೆ ಮೇಜು. ಇದಕ್ಕೆ ಬೂತ್ ಅನ್ನುತ್ತಾರೆ. ಅಡುಗೆ ನಿಮ್ಮ ಕಣ್ಣೆದುರೇ ಆಗುತ್ತದೆ. ಮಾಡುವವರಿಗೂ ತಿನ್ನುವವರಿಗೂ ನಡುವೆ ಎರಡು ಅಡಿ ಅಗಲದ ಹಲಗೆ, ಅಷ್ಟೇ.

ಬೋಗಿಯ ಹಾಗೆ ಕಾಣುವುದು ಸುಮ್ನೆ ಅಲಂಕಾರಕ್ಕಲ್ಲ. ಡೈನರ್ ಹುಟ್ಟಿದ್ದೇ ಚಕ್ರದ ಮೇಲೆ.

1872ರಲ್ಲಿ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಊರಿನಲ್ಲಿ ವಾಲ್ಟರ್ ಸ್ಕಾಟ್ ಅನ್ನುವವರು ಸರಕು ಸಾಗಿಸುವ ಒಂದು ಗಾಡಿಯನ್ನು ತಿದ್ದಿ, ಅದಕ್ಕೆ ಕುದುರೆ ಕಟ್ಟಿ, ರಾತ್ರಿ ಹೊತ್ತು ಬೀದಿಗೆ ತಂದರು. ಒಳಗೆ ಸ್ಯಾಂಡ್‌ವಿಚ್, ಬೇಯಿಸಿದ ಮೊಟ್ಟೆ, ಪೈ, ಬಿಸಿ ಕಾಫಿ. ಆ ಕಾಲದಲ್ಲಿ ಊಟದ ಅಂಗಡಿಗಳು ಬೇಗ ಬಾಗಿಲು ಹಾಕುತ್ತಿದ್ದವು. ಪತ್ರಿಕೆಯ ಕಚೇರಿಯಲ್ಲಿ, ಮುದ್ರಣದ ಕೆಲಸದಲ್ಲಿ ರಾತ್ರಿ ಪಾಳಿ ಮಾಡುವವರಿಗೆ ಹಸಿವಾದರೆ ಹೋಗುವುದಕ್ಕೆ ಜಾಗವೇ ಇರಲಿಲ್ಲ. ಸ್ಕಾಟ್ ಅವರ ಗಾಡಿ ಅವರ ಬಾಗಿಲಿಗೇ ಬಂತು. ಗಿರಾಕಿಗಳು ಹೊರಗೆ ನಿಂತು ಕಿಟಕಿಯಲ್ಲಿ ಕೈ ಚಾಚಿ ತೆಗೆದುಕೊಳ್ಳುತ್ತಿದ್ದರು.

ಚಳಿಗಾಲದಲ್ಲಿ, ಮಳೆಯಲ್ಲಿ ಹೊರಗೆ ನಿಂತು ತಿನ್ನುವುದು ಕಷ್ಟ, ಅಲ್ವಾ? 1887ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಊರಿನಲ್ಲಿ ಸ್ಯಾಮ್ಯುಯೆಲ್ ಜೋನ್ಸ್ ಅನ್ನುವವರು ಗಿರಾಕಿಗಳೂ ಒಳಗೆ ಬಂದು ನಿಲ್ಲಬಹುದಾದ ಗಾಡಿ ಮಾಡಿಸಿದರು. ಇದು ಸಣ್ಣ ಬದಲಾವಣೆ ಅನ್ನಿಸಬಹುದು. ನನಗೆ ಡೈನರಿನ ನಿಜವಾದ ಹುಟ್ಟು ಇದೇ ಅನ್ನಿಸುತ್ತದೆ. ತಿನ್ನುವವರು, ಬಡಿಸುವವರು ಒಂದೇ ಸೂರಿನ ಕೆಳಗೆ ಬಂದರು. ಒಬ್ಬರ ಮುಖ ಒಬ್ಬರು ನೋಡಿದರು. 1891ರಲ್ಲಿ ಅದೇ ವೂಸ್ಟರಿನ ಚಾರ್ಲ್ಸ್ ಪಾಮರ್ ಇಂಥ ಊಟದ ಗಾಡಿಗೆ ಪೇಟೆಂಟ್ ಪಡೆದರು.

ಆಮೇಲೆ ಗಾಡಿಗಳು ಜಾಸ್ತಿಯಾದವು. ರಾತ್ರಿಯ ಗಾಡಿಗಳು ಬೆಳಿಗ್ಗೆಯಾದರೂ ರಸ್ತೆ ಬಿಟ್ಟು ಕದಲಲಿಲ್ಲ. ಓಡಾಡುವುದಕ್ಕೆ ಅಡ್ಡ ಅಂತ ನಗರಸಭೆಗಳು ಇಷ್ಟು ಗಂಟೆಯೊಳಗೆ ಹೊರಡಬೇಕು ಅಂತ ಕಾನೂನು ತಂದವು. ಆಗ ಗಾಡಿಯವರು ಒಂದು ಉಪಾಯ ಮಾಡಿದರು. ರಸ್ತೆ ಪಕ್ಕ ಒಂದು ತುಂಡು ಜಾಗ ಬಾಡಿಗೆಗೆ ಹಿಡಿದು ಗಾಡಿಯನ್ನು ಅಲ್ಲೇ ನಿಲ್ಲಿಸಿದರು. ನೀರಿನ ಕೊಳಾಯಿ ಬಂತು. ಚಕ್ರ ಬಿಚ್ಚಿದರು. ಹೊಟ್ಟೆಪಾಡಿಗೆ ಊರೆಲ್ಲ ಸುತ್ತುತ್ತಿದ್ದ ಬಂಡಿಗೆ ಒಂದು ವಿಳಾಸ ಬಂತು.

ಗಾಡಿ ನಿಂತ ಮೇಲೆ ಅದು ಬೆಳೆಯಿತು. ಕಾರ್ಖಾನೆಗಳೇ ಶುರುವಾದವು. 1906ರಲ್ಲಿ ಆರಂಭವಾದ ವೂಸ್ಟರ್ ಲಂಚ್ ಕಾರ್ ಕಂಪನಿ 1957ರವರೆಗೆ 651 ಡೈನರುಗಳನ್ನು ಕಟ್ಟಿತು. ಮೊದಲನೆಯದಕ್ಕೆ 200 ಅಂತ ನಂಬರು ಕೊಟ್ಟರು, ಕೊನೆಯದಕ್ಕೆ 850. ಹೊರಗಿನ ಗೋಡೆಗೆ ಪಿಂಗಾಣಿ ಲೇಪದ ತಗಡು, ಅದರ ಮೇಲೆ ಚಂದದ ಅಕ್ಷರದಲ್ಲಿ ಡೈನರಿನ ಹೆಸರು. ನ್ಯೂಜೆರ್ಸಿಯಲ್ಲಿ ಜೆರ್ರಿ ಓ'ಮಹೋನಿ ಅವರ ಕಾರ್ಖಾನೆ ಇತ್ತು. ಇಡೀ ಹೋಟೆಲನ್ನು ಕಾರ್ಖಾನೆಯಲ್ಲೇ ಕಟ್ಟಿ ಮುಗಿಸುತ್ತಿದ್ದರು. ಕೌಂಟರು, ಸ್ಟೂಲು, ನೆಲದ ಟೈಲ್ಸು ಎಲ್ಲ ಸೇರಿಸಿ. ಆಮೇಲೆ ರೈಲಿನಲ್ಲೋ ಲಾರಿಯಲ್ಲೋ ಸಾಗಿಸಿ ಜಾಗದ ಮೇಲೆ ತಂದು ಕೂರಿಸುವುದು. ಅಗಲ ಯಾಕೆ ಕಮ್ಮಿ ಅಂದೆನಲ್ಲ, ಇದೇ ಕಾರಣ. ರಸ್ತೆಯಲ್ಲಿ ಹಿಡಿಸಬೇಕು, ಸೇತುವೆ ಕೆಳಗೆ ನುಗ್ಗಬೇಕು.

1920ರ ದಶಕದವರೆಗೂ ಇದು ಹೆಚ್ಚಾಗಿ ಗಂಡಸರ ಜಾಗ. ಆಮೇಲೆ ಹೆಂಗಸರೂ ಬರಲಿ ಅಂತ ಮಾಲೀಕರು ಸ್ಟೂಲಿನ ಜೊತೆ ಬೂತುಗಳನ್ನು ಹಾಕಿಸಿದರು, ಕಿಟಕಿಯಲ್ಲಿ ಹೂಕುಂಡ ಇಟ್ಟರು, 'ಹೆಂಗಸರಿಗೆ ಸ್ವಾಗತ' ಅಂತ ಬೋರ್ಡು ಬರೆಸಿದರು. ಎಷ್ಟೋ ಡೈನರುಗಳ ಹೆಸರಿನ ಮುಂದೆ 'ಮಿಸ್' ಅಂತ ಸೇರಿಕೊಂಡಿತು. ಮಿಸ್ ವೂಸ್ಟರ್ ಅನ್ನುವ ಡೈನರ್ ವೂಸ್ಟರ್ ಕಂಪನಿಯ ಕಾರ್ಖಾನೆ ಇದ್ದ ಜಾಗದ ಎದುರಿಗೇ ಇದೆ.

ಇತಿಹಾಸ ಇಷ್ಟು ಸಾಕು. ನಾನು ಮುಖ್ಯವಾಗಿ ಹೇಳಬೇಕು ಅಂತ ಬಂದದ್ದು ಬೇರೆ. ಗಾಡಿಯ ಚಕ್ರವನ್ನು ಕಾನೂನು ಬಿಚ್ಚಿಸಿತು, ಸರಿ. ಆದರೆ ಅದು ಒಂದೇ ಕಡೆ 40, 50 ವರ್ಷ ನಿಂತಿದ್ದು ಕಾನೂನಿನಿಂದಲ್ಲ. ಅದರೊಳಗೆ ಒಂದೊಂದು ಮನೆತನ ನಿಂತಿತು, ಅದಕ್ಕೇ ಡೈನರೂ ನಿಂತಿತು.

ಒಂದು ಡೈನರ್ ನಡೆಸುವುದಕ್ಕೆ ದೊಡ್ಡ ಬಂಡವಾಳ ಬೇಕಿರಲಿಲ್ಲ. ಕಾರ್ಖಾನೆಯವರು ಸ್ವಲ್ಪ ಮುಂಗಡ ತೆಗೆದುಕೊಂಡು ಉಳಿದದ್ದನ್ನು ಕಂತಿನ ಮೇಲೆ ಕೊಡುತ್ತಿದ್ದರು. ಗಂಡ ಕಾವಲಿ ಮುಂದೆ, ಹೆಂಡತಿ ಗಲ್ಲಾಪೆಟ್ಟಿಗೆಯ ಮುಂದೆ, ಶಾಲೆ ಮುಗಿಸಿ ಬಂದ ಮಕ್ಕಳು ತಟ್ಟೆ ತೊಳೆಯುವುದಕ್ಕೆ. ಭಾಷೆ ಬಾರದವರಿಗೂ, ಓದು ಇಲ್ಲದವರಿಗೂ ಇದು ದಾರಿಯಾಯಿತು. ಹೊಸದಾಗಿ ಬಂದ ವಲಸಿಗರು ಇದನ್ನು ಹಿಡಿದರು. ನ್ಯೂಯಾರ್ಕ್, ನ್ಯೂಜೆರ್ಸಿ ಸುತ್ತಮುತ್ತ ಗ್ರೀಸಿನಿಂದ ಬಂದವರು ಈ ಕಸುಬನ್ನು ಎಷ್ಟು ಚೆನ್ನಾಗಿ ಕಲಿತರು ಅಂದರೆ, ಡೈನರ್ ಅಂದರೆ ಗ್ರೀಕರದ್ದು ಅನ್ನುವಷ್ಟು. ಒಬ್ಬ ಬಂದು ಚಿಕ್ಕಪ್ಪನ ಡೈನರಿನಲ್ಲಿ ತಟ್ಟೆ ತೊಳೆಯುವುದು. ಎರಡು ವರ್ಷಕ್ಕೆ ತರಕಾರಿ ಹೆಚ್ಚುವುದು. ಆಮೇಲೆ ಕಾವಲಿ. ಆಮೇಲೆ ಒಂದು ಪಾಲು. ಕೊನೆಗೆ ತನ್ನದೇ ಒಂದು. ಅವನು ಊರಿನಿಂದ ತಮ್ಮನನ್ನು ಕರೆಸಿಕೊಳ್ಳುವುದು.

ಇಲ್ಲಿ ಒಂದು ಕಾಗದದ ಕಪ್ಪಿನ ವಿಷಯ ಹೇಳಲೇಬೇಕು. ನೀಲಿ ಬಿಳಿ ಬಣ್ಣ, ಮೇಲೆ ಗ್ರೀಕ್ ಹೂಜಿಯ ಚಿತ್ರ, 'ನಿಮಗೆ ಬಡಿಸುವುದು ನಮಗೆ ಖುಷಿ' ಅನ್ನುವ ಅರ್ಥದ ಇಂಗ್ಲಿಷ್ ಸಾಲು. ನ್ಯೂಯಾರ್ಕಿನ ಸಿನಿಮಾಗಳಲ್ಲಿ ಪೊಲೀಸರ ಕೈಯಲ್ಲಿ ನೋಡಿರುತ್ತೀರಿ. ಇದನ್ನು 1963ರಲ್ಲಿ ರೂಪಿಸಿದವರು ಲೆಸ್ಲಿ ಬಕ್. ಅವರು ಗ್ರೀಕರಲ್ಲ. ಚೆಕೊಸ್ಲೊವಾಕಿಯಾದಲ್ಲಿ ಹುಟ್ಟಿದ ಯಹೂದಿ. ತಂದೆ ತಾಯಿಯನ್ನು ನಾಜಿಗಳು ಕೊಂದರು. ಇವರು ಆಶ್‌ವಿಟ್ಸ್ ಮತ್ತು ಬುಕನ್‌ವಾಲ್ಡ್ ಎರಡೂ ಶಿಬಿರಗಳಿಂದ ಬದುಕಿ ಬಂದು ಅಮೆರಿಕದಲ್ಲಿ ಕಪ್ ತಯಾರಿಸುವ ಕಂಪನಿಯಲ್ಲಿ ಮಾರಾಟದ ಕೆಲಸಕ್ಕೆ ಸೇರಿದ್ದರು. ಗ್ರೀಕ್ ಮಾಲೀಕರಿಗೆ ಕಪ್ ಮಾರಬೇಕಲ್ಲ, ಅದಕ್ಕೆ ಗ್ರೀಸಿನ ಬಾವುಟದ ಬಣ್ಣ ಹಾಕಿದರು. ಚಿತ್ರಕಲೆ ಕಲಿತವರಲ್ಲ. ಕಪ್ಪಿನ ಹೆಸರು ಆಂಥೋರಾ. ಗ್ರೀಕ್ ಹೂಜಿಗೆ ಆಂಫೋರಾ ಅನ್ನುತ್ತಾರೆ, ಅದು ಬಕ್ ಅವರ ಉಚ್ಚಾರದಲ್ಲಿ ಹಾಗಾಯಿತು ಅಂತ ಹೇಳುತ್ತಾರೆ. ಅವರು 1992ರಲ್ಲಿ ನಿವೃತ್ತರಾದಾಗ ಕಂಪನಿ ಅವರಿಗೆ ಅಂಥದೇ 10,000 ಕಪ್ ಮಾಡಿಸಿ ಉಡುಗೊರೆ ಕೊಟ್ಟಿತು. ಎಲ್ಲಿಂದಲೋ ಬದುಕಿ ಬಂದ ಒಬ್ಬರು, ಇನ್ನೆಲ್ಲಿಂದಲೋ ಬಂದ ಅಂಗಡಿಯವರಿಗೆ ಅವರ ಊರಿನ ನೆನಪನ್ನು ಕಪ್ಪಿನ ಮೇಲೆ ಬರೆದುಕೊಟ್ಟರು. ನನಗೆ ಈ ವಿಷಯ ಗೊತ್ತಾದ ಮೇಲೆ ಆ ಕಪ್ಪನ್ನು ಕಸಕ್ಕೆ ಹಾಕುವುದಕ್ಕೆ ಕೈ ಬರುತ್ತಿರಲಿಲ್ಲ. ಮನೆಯಲ್ಲಿ ಈಗಲೂ ಎರಡು ಇವೆ, ಪೆನ್ನು ಇಡುತ್ತೇನೆ.

ನಮ್ಮ ಬೀದಿಯ ಡೈನರೂ ಗ್ರೀಕ್ ಮನೆಯವರದ್ದೇ. ಅವರ ಹೆಸರು ಬೇಡ. ದಂಪತಿ ಒಂದು ದ್ವೀಪದ ಹಳ್ಳಿಯಿಂದ 1967ರಲ್ಲಿ ಬಂದವರು. ವಲಸೆಯ ಕಾನೂನು 1965ರಲ್ಲಿ ಸಡಿಲವಾದ ಮೇಲೆ ಹಾಗೆ ತುಂಬ ಜನ ಬಂದರು. ಏಳು ವರ್ಷ ಬೇರೆಯವರ ಡೈನರಿನಲ್ಲಿ ದುಡಿದು ಇದನ್ನು ಕೊಂಡರು. ನಾನು ಹೋಗುವ ಹೊತ್ತಿಗೆ ಯಜಮಾನರು ತೀರಿಕೊಂಡಿದ್ದರು. ಮಗ, ಸೊಸೆ ನಡೆಸುತ್ತಿದ್ದರು. ಅಜ್ಜಿ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದರು. ಗ್ರೀಕಿನಲ್ಲಿ ಅಜ್ಜಿಗೆ ಯಾಯಾ ಅನ್ನುತ್ತಾರೆ. ಮೊಮ್ಮಕ್ಕಳು ಕರೆದದ್ದು ಕೇಳಿ ಕೇಳಿ ಊರಿಗೇ ಅವರು ಯಾಯಾ ಆದರು. ಅಂಚೆಯವನಿಗೂ ಯಾಯಾ, ಪೊಲೀಸಿನವನಿಗೂ ಯಾಯಾ.

ಬೆಳಿಗ್ಗೆ ಐದೂವರೆಗೆ ಬಾಗಿಲು ತೆಗೆಯುತ್ತಿದ್ದರು. ಮಗ ನಾಲ್ಕೂವರೆಗೇ ಬಂದು ಕಾವಲಿ ಹಚ್ಚಿರುತ್ತಿದ್ದ. ಒಂದು ದಿನ ಬೇಗ ಹೋಗಿ ಅವನ ಕೈಕೆಲಸವನ್ನೇ ನೋಡುತ್ತ ಕೂತೆ. ಕಾವಲಿ ಪೂರ್ತಿ ಒಂದೇ ಕಾವಿನಲ್ಲಿ ಇರುವುದಿಲ್ಲ. ಎಡಗಡೆ ಜಾಸ್ತಿ ಕಾವು, ಅಲ್ಲಿ ಹೋಮ್ ಫ್ರೈಸ್, ಅಂದರೆ ಬೇಯಿಸಿ ಹೆಚ್ಚಿದ ಆಲೂಗಡ್ಡೆಯನ್ನು ಈರುಳ್ಳಿ ಜೊತೆ ಕೆಂಪಗೆ ಹುರಿಯುವುದು. ನಡುವೆ ಪ್ಯಾನ್‌ಕೇಕು. ಬಲಗಡೆ ಕಾವು ಕಮ್ಮಿ, ಅದು ಮೊಟ್ಟೆಯ ಜಾಗ. ಒಂದೊಂದು ಕೈಯಲ್ಲಿ ಒಂದೊಂದು ಮೊಟ್ಟೆ ಹಿಡಿದು ಕಾವಲಿಯ ಅಂಚಿಗೆ ಟಕ್ ಅಂತ ತಟ್ಟಿ, ಬೆರಳಲ್ಲೇ ಬಿಡಿಸಿ ಹಾಕುತ್ತಿದ್ದ. ಸಿಪ್ಪೆ ನೋಡದೆಯೇ ಬುಟ್ಟಿಗೆ. ಓವರ್ ಈಸಿ ಅಂತ ಒಂದು ಬಗೆ ಇದೆ. ಮೊಟ್ಟೆಯನ್ನು ತಿರುವಿ ಹಾಕಿ ಹಳದಿ ಗಟ್ಟಿಯಾಗುವ ಮೊದಲೇ ತೆಗೆಯಬೇಕು. ಅವನು ಮನಸ್ಸಿನಲ್ಲೇ ಎಣಿಸುತ್ತಿದ್ದ ಅಂತ ಕಾಣುತ್ತದೆ, ತುಟಿ ಅಲುಗುತ್ತಿತ್ತು. ಗ್ರೀಕಿನಲ್ಲಿ ಎಣಿಸುತ್ತೇನೆ ಅಂತ ಆಮೇಲೆ ಹೇಳಿದ. ಅಪ್ಪ ಕಲಿಸಿದ್ದು ಗ್ರೀಕಿನಲ್ಲಿ, ಹಾಗಾಗಿ ಇಂಗ್ಲಿಷಿನಲ್ಲಿ ಎಣಿಸಿದರೆ ಮೊಟ್ಟೆ ಕೆಡುತ್ತದೆ ಅಂದ.

ಹಳೇ ಡೈನರುಗಳಿಗೆ ತಮ್ಮದೇ ಒಂದು ಭಾಷೆ ಇತ್ತು. ಆರ್ಡರನ್ನು ಕೂಗಿ ಹೇಳುವ ಕಾಲದ್ದು. ಟೋಸ್ಟಿನ ಮೇಲೆ ನೀರಿನಲ್ಲಿ ಬೇಯಿಸಿದ ಎರಡು ಮೊಟ್ಟೆ ಬೇಕು ಅಂದರೆ 'ಆಡಮ್ ಅಂಡ್ ಈವ್ ಆನ್ ಎ ರಾಫ್ಟ್'. ತೆಪ್ಪದ ಮೇಲೆ ಆಡಮ್ಮನೂ ಈವಳೂ. ಮೊಟ್ಟೆ ಕಲಕಿ ಹಾಕಬೇಕಾದರೆ ಕೊನೆಗೆ 'ರೆಕ್ ದೆಮ್', ತೆಪ್ಪ ಮುಳುಗಿಸು ಅಂದ ಹಾಗೆ. ಯಾವುದಾದರೂ ಖಾಲಿಯಾಗಿದ್ದರೆ 'ಎಯ್ಟಿ ಸಿಕ್ಸ್'. ನಮ್ಮ ಡೈನರಿನಲ್ಲಿ ಚೀಟಿ ಬರೆದು ಕೊಡುವುದು ಬಂದಿತ್ತು. ಆದರೂ ಮೂವತ್ತು ವರ್ಷದಿಂದ ಬಡಿಸುತ್ತಿದ್ದ ಒಬ್ಬರು ಹೆಂಗಸು ಖುಷಿಯಾಗಿದ್ದ ದಿನ ಕೂಗುತ್ತಿದ್ದರು. ಅವರು ಯಾರ ಹೆಸರನ್ನೂ ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ 'ಹನ್'. ಹನಿ ಅನ್ನುವುದರ ಮೊಟಕು. ಮನೆಯಿಂದ ಅಷ್ಟು ದೂರ ಹೋದವನಿಗೆ, ಮೊದಲ ಚಳಿಗಾಲದಲ್ಲಿ, ಬೆಳಿಗ್ಗೆ ಆರಕ್ಕೆ ಒಬ್ಬರು ಕಪ್ಪಿಗೆ ಕಾಫಿ ಸುರಿಯುತ್ತ 'ಏನು ಕೊಡಲಿ ಹನ್' ಅಂದರೆ ಹೇಗಿರುತ್ತದೆ ಅಂತ ಹೇಳುವುದು ಕಷ್ಟ. ನಾನು ಮಾಂಸ ತಿನ್ನುವುದಿಲ್ಲ ಅನ್ನುವುದು ಅವರಿಗೆ ಎರಡನೇ ದಿನಕ್ಕೇ ಗೊತ್ತಾಯಿತು. ಮೂರನೇ ದಿನದಿಂದ ನನ್ನ ಆಲೂಗಡ್ಡೆಯನ್ನು ಮಗ ಹಂದಿಮಾಂಸದ ಬೇಕನ್ ಹುರಿಯುವ ಕಡೆಗೆ ತರದೆ ಬೇರೆ ಮೂಲೆಯಲ್ಲಿ ಮಾಡುತ್ತಿದ್ದ. ನಾನು ಕೇಳಿರಲಿಲ್ಲ.

ಆ ಕೌಂಟರಿನಲ್ಲಿ ಒಬ್ಬರು ಇದ್ದರು. ಬಸ್ ಓಡಿಸಿ ನಿವೃತ್ತರಾದ ಹಿರಿಯರು. ದಿನವೂ ಐದು ಮುಕ್ಕಾಲಿಗೆ ಬಂದು ಮೊದಲ ಸ್ಟೂಲಿನಲ್ಲಿ ಕೂರುತ್ತಿದ್ದರು. ಎರಡು ಮೊಟ್ಟೆ, ರೈ ಬ್ರೆಡ್ಡಿನ ಟೋಸ್ಟು. ಟೋಸ್ಟಿನಲ್ಲಿ ಅರ್ಧ ತಾವು ತಿಂದು, ಇನ್ನರ್ಧ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಹೆಂಡತಿಗೆ ಒಯ್ಯುತ್ತಿದ್ದರು. ಮಗ ಆ ಅರ್ಧಕ್ಕೆ ಬೆಣ್ಣೆ ಸ್ವಲ್ಪ ಜಾಸ್ತಿ ಹಚ್ಚಿ, ಮೇಣದ ಕಾಗದದಲ್ಲಿ ಸುತ್ತಿ, ಕಾಫಿ ಕಪ್ಪಿನ ಪಕ್ಕ ಇಡುತ್ತಿದ್ದ. ನಾನು ನೋಡಿದ ಹಾಗೇ ಐದಾರು ವರ್ಷ ಇದು ನಡೆಯಿತು.

ಆ ಹೆಂಡತಿ ತೀರಿಕೊಂಡರು. ಹತ್ತು ದಿನ ಬಿಟ್ಟು ಹಿರಿಯರು ಮತ್ತೆ ಬಂದರು. ಯಾರೂ ಜಾಸ್ತಿ ಮಾತಾಡಲಿಲ್ಲ. ಎರಡು ಮೊಟ್ಟೆ ಬಂತು, ಟೋಸ್ಟು ಬಂತು. ಮಗನ ಕೈ ಅಭ್ಯಾಸದಲ್ಲಿ ಅರ್ಧ ಟೋಸ್ಟನ್ನು ಸುತ್ತಿ ಕಪ್ಪಿನ ಪಕ್ಕ ಇಟ್ಟುಬಿಟ್ಟಿತು. ಇಟ್ಟ ಮೇಲೆ ಅವನಿಗೆ ಗೊತ್ತಾಯಿತು. ಮುಖ ಕಪ್ಪಿಟ್ಟಿತು. ತೆಗೆಯಲು ಕೈ ಚಾಚಿದ. ಹಿರಿಯರು ಆ ಪೊಟ್ಟಣದ ಮೇಲೆ ತಮ್ಮ ಕೈ ಇಟ್ಟರು. ಆಮೇಲೆ ಅದನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹೋದರು. ಮಾರನೇ ದಿನ ಮಗ ಕೇಳಿದ್ದು ಒಂದೇ ಮಾತು, 'ಕಟ್ಟಲಾ?' ಅವರು ತಲೆ ಆಡಿಸಿದರು.

ಇದನ್ನೆಲ್ಲ ಇಷ್ಟು ಪ್ರೀತಿಯಿಂದ ಹೇಳುವಾಗ ಒಂದು ಮಾತನ್ನು ಮುಚ್ಚಿಡಬಾರದು. ಆ ಕೌಂಟರು ಎಲ್ಲರಿಗೂ ತೆರೆದಿರಲಿಲ್ಲ. ಎಷ್ಟೋ ಕಡೆ ಕಪ್ಪು ಜನರನ್ನು ಆ ಸ್ಟೂಲುಗಳ ಮೇಲೆ ಕೂರಲು ಬಿಡುತ್ತಿರಲಿಲ್ಲ. 1960ರ ಫೆಬ್ರವರಿ 1ರಂದು ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೊ ಊರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ವುಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಅವರು ಏಳಲಿಲ್ಲ. ಮರುದಿನ ಇನ್ನಷ್ಟು ಜನ ಬಂದು ಕೂತರು. ಜುಲೈ 25ಕ್ಕೆ ಆ ಕೌಂಟರು ಎಲ್ಲರಿಗೂ ತೆರೆಯಿತು. 1961ರಲ್ಲಿ ಆಫ್ರಿಕಾದ ಚಾಡ್ ದೇಶದ ರಾಯಭಾರಿ ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿಗೆ ಹೋಗುವಾಗ ಮೇರಿಲ್ಯಾಂಡಿನ 40ನೇ ನಂಬರಿನ ಹೆದ್ದಾರಿಯಲ್ಲಿ ಕಾಫಿಗೆ ಅಂತ ಒಂದು ಡೈನರಿಗೆ ಹೋದರು. ಅವರಿಗೂ ಇಲ್ಲ ಅಂದರು. ಒಂದು ದೇಶದ ರಾಯಭಾರಿಗೆ! ಹೀಗೆ ಭೇದ ಮಾಡುವುದನ್ನು ಇಡೀ ದೇಶದಲ್ಲಿ ತಡೆಯುವ ಕಾನೂನು ಬಂದದ್ದು 1964ರಲ್ಲಿ.

ನನ್ನ ಬಣ್ಣದವನು ನಾಲ್ಕನೇ ಸ್ಟೂಲಿನಲ್ಲಿ ನಿಶ್ಚಿಂತೆಯಿಂದ ಕಾಫಿ ಕುಡಿದದ್ದರ ಹಿಂದೆ, ಹಾಗೆ ಕೂತು ಏಳದೆ ಇದ್ದವರು ಇದ್ದಾರೆ. ಅದು ನನಗೆ ಆ ಊರಿಗೆ ಹೋಗಿ ಎಷ್ಟೋ ದಿನದ ಮೇಲೆ ಹೊಳೆಯಿತು. ಮೊದಲೇ ಹೊಳೆಯಬೇಕಿತ್ತು.

ಈಗ ಡೈನರುಗಳು ಒಂದೊಂದಾಗಿ ಮುಚ್ಚುತ್ತಿವೆ. ಯಾಕೆ ಅಂತ ಕೇಳಿದರೆ ಜನ ಬೇಗ ಹೇಳುವ ಉತ್ತರ, ಫಾಸ್ಟ್ ಫುಡ್ ಬಂತು ಅಂತ. ಅದೂ ಹೌದು. ಹೆದ್ದಾರಿಗಳು ಬಂದವು, ಅವುಗಳ ಪಕ್ಕ ಒಂದೇ ರುಚಿಯ, ಒಂದೇ ಬೋರ್ಡಿನ ಅಂಗಡಿಗಳ ಸಾಲು ಬಂತು. ಆದರೆ ಡೈನರುಗಳು ಆ ಅಂಗಡಿಗಳ ಜೊತೆ ಐವತ್ತು ವರ್ಷ ಬಾಳಿವೆ. ಈಗ ಆಗುತ್ತಿರುವುದು ಬೇರೆ.

ಮೊದಲನೆಯದು ಜಾಗ. ಕಟ್ಟಿದಾಗ ಅದು ಊರ ಅಂಚು. ಈಗ ಅದೇ ತಿರುವು ಚಿನ್ನದ ಬೆಲೆ. ಡೈನರಿಗೆ ಸುತ್ತ ಕಾರು ನಿಲ್ಲಿಸುವ ಬಯಲು ಬೇಕು, ಕಟ್ಟಡ ಮಾತ್ರ ಒಂದೇ ಅಂತಸ್ತು. ಔಷಧಿ ಅಂಗಡಿಯವರೋ ಬ್ಯಾಂಕಿನವರೋ ಅಪಾರ್ಟ್‌ಮೆಂಟ್ ಕಟ್ಟುವವರೋ ಬಂದು ಹೇಳುವ ಮೊತ್ತವನ್ನು ಮೊಟ್ಟೆ ಟೋಸ್ಟು ಮಾರಿ ಎಷ್ಟು ವರ್ಷಕ್ಕೆ ಗಳಿಸಬಹುದು? ಜಾಗ ಬಾಡಿಗೆಯದ್ದಾಗಿದ್ದರಂತೂ ಕೇಳುವುದೇ ಬೇಡ.

ಖರ್ಚು ಇನ್ನೊಂದು. ಡೈನರಿನ ಮೆನು ನೋಡಿದವರಿಗೆ ಗೊತ್ತು, ಪುಸ್ತಕದ ಹಾಗಿರುತ್ತದೆ. ಯಾವ ಹೊತ್ತಿಗೆ ಏನು ಕೇಳಿದರೂ ಇರಬೇಕು. ಅಷ್ಟೂ ಸಾಮಾನು ಫ್ರಿಜ್ಜಿನಲ್ಲಿ ಇರಬೇಕು. ಮೊಟ್ಟೆ ಅವರ ಉಸಿರು. ಹಕ್ಕಿಜ್ವರ ಬಂದು 2025ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಒಂದು ಡಜನ್ ಮೊಟ್ಟೆಯ ಸರಾಸರಿ ಬೆಲೆ 6 ಡಾಲರ್ ದಾಟಿತು. ಅದಕ್ಕೆ ಮೊದಲು 2020ರಲ್ಲಿ ಕೋವಿಡ್. ಭುಜಕ್ಕೆ ಭುಜ ತಾಗಿಸಿ ಕೂರುವುದೇ ಡೈನರಿನ ಜೀವ, ಅದನ್ನೇ ಮಾಡಬೇಡಿ ಅನ್ನಬೇಕಾಯಿತು. ಇಡೀ ರಾತ್ರಿ ತೆರೆದಿರುತ್ತಿದ್ದ ಎಷ್ಟೋ ಡೈನರುಗಳು ಆಮೇಲೆ ರಾತ್ರಿಯ ದೀಪ ಹಚ್ಚಲೇ ಇಲ್ಲ.

ಬಡಿಸುವವರ ಸಂಬಳದ ಬಗ್ಗೆಯೂ ಹೇಳಬೇಕು. ಕೇಂದ್ರದ ಕಾನೂನಿನ ಪ್ರಕಾರ ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2 ಡಾಲರ್ 13 ಸೆಂಟ್. 1991ರಿಂದ ಅದು ಬದಲಾಗಿಲ್ಲ. ಕೆಲವು ರಾಜ್ಯಗಳಲ್ಲಿ ಜಾಸ್ತಿ ಇದೆ. ಟಿಪ್ಸ್ ಸೇರಿಸಿಯೂ ಸಾಮಾನ್ಯ ಕನಿಷ್ಠ ಕೂಲಿಗೆ ಮುಟ್ಟದಿದ್ದರೆ ಉಳಿದದ್ದನ್ನು ಮಾಲೀಕರು ತುಂಬಿಕೊಡಬೇಕು ಅಂತಲೂ ಇದೆ. ಆದರೂ ನಮಗೆಲ್ಲ 'ಹನ್' ಅಂದು ಕಾಫಿ ಸುರಿದ ಆ ಹೆಂಗಸಿನ ಮನೆ ನಡೆಯುತ್ತಿದ್ದದ್ದು ನಾವು ತಟ್ಟೆಯ ಕೆಳಗೆ ಬಿಟ್ಟು ಬಂದ ಕಾಸಿನಿಂದ. ಹಿಮ ಬಿದ್ದು ಗಿರಾಕಿ ಬಾರದ ದಿನ ಅವರೂ ಬರಿಗೈಯಲ್ಲಿ ಹೋಗುತ್ತಿದ್ದರು. ಇದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ಡೈನರಿನ ಮೇಲಿನ ಪ್ರೀತಿಯಿಂದ ಅದು ಬದಲಾಗುವುದಿಲ್ಲ.

ಆದರೆ ನಾನು ಕಂಡ ದೊಡ್ಡ ಕಾರಣ ಇದ್ಯಾವುದೂ ಅಲ್ಲ. ಯಾಯಾ ಒಂದು ಸಲ ಹೇಳಿದರು, 'ನನ್ನ ಗಂಡ 35 ವರ್ಷದಲ್ಲಿ ಎರಡು ಸಲ ಊರಿಗೆ ಹೋದ. ಎರಡು ಸಲವೂ ಯಾರದ್ದೋ ಅಂತ್ಯಕ್ರಿಯೆಗೆ.' ವಾರಕ್ಕೆ ಏಳು ದಿನ, ದಿನಕ್ಕೆ ಹದಿನಾಲ್ಕು ಗಂಟೆ. ಮಕ್ಕಳು ಕಾವಲಿ ಮುಂದೆ ನಿಲ್ಲಬಾರದು ಅಂತಲೇ ಆ ಗಂಡ ಹೆಂಡತಿ ಕಾವಲಿ ಮುಂದೆ ನಿಂತರು. ಒಬ್ಬ ಮಗ ನಿಂತ, ಯಾಕೆಂದರೆ ಅಪ್ಪನಿಗೆ ಹೃದಯದ ಕಾಯಿಲೆ ಬಂತು, ಯಾರಾದರೂ ನಿಲ್ಲಬೇಕಿತ್ತು. ಮೊಮ್ಮಗಳು ನರ್ಸ್ ಆದಳು. ಮೊಮ್ಮಗ ಇಂಜಿನಿಯರ್ ಆಗಿ ಬೇರೆ ರಾಜ್ಯಕ್ಕೆ ಹೋದ. ಅವನ ಕಾಲೇಜು ಮುಗಿದ ದಿನದ ಫೋಟೊವನ್ನು ಯಾಯಾ ಗಲ್ಲಾಪೆಟ್ಟಿಗೆಯ ಪಕ್ಕದ ಗಾಜಿಗೆ ಅಂಟಿಸಿದ್ದರು. ಬಿಲ್ ಕೊಡುವವರಿಗೆಲ್ಲ ತೋರಿಸುತ್ತಿದ್ದರು. ಆ ಫೋಟೊ ಅಲ್ಲಿ ಬಂದ ದಿನವೇ ಡೈನರಿನ ದಿನ ಎಣಿಕೆ ಶುರುವಾಗಿತ್ತು. ಅದು ಅವರಿಗೂ ಗೊತ್ತಿತ್ತು. ಅವರ ಮುಖದಲ್ಲಿ ಹೆಮ್ಮೆಯೇ ಇತ್ತು.

ಹಾಗಾದರೆ ಉಳಿಸುವುದು ಹೇಗೆ? ಕೆಲವರು ಮನಸ್ಸಿಟ್ಟು ಕೆಲಸ ಮಾಡಿದ್ದಾರೆ. ರೋಡ್ ಐಲೆಂಡಿನ ಪಾಟಕೆಟ್ ಊರಿನಲ್ಲಿ ಮಾಡರ್ನ್ ಡೈನರ್ ಇದೆ. ಮುಂಭಾಗ ವೇಗದ ರೈಲಿನ ಮೂತಿಯ ಹಾಗೆ. 1978ರಲ್ಲಿ ಅದು ದೇಶದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು, ಹಾಗೆ ಸೇರಿದ ಮೊದಲ ಡೈನರ್ ಅದು. ಕಾರು ಮಾಡಿದ ಹೆನ್ರಿ ಫೋರ್ಡ್ ಇನ್ನೂ ಮೊದಲೇ, 1927ರಲ್ಲಿ, ಡೆಟ್ರಾಯಿಟಿನಲ್ಲಿದ್ದ 'ಔಲ್ ನೈಟ್ ಲಂಚ್' ಅನ್ನುವ ಹಳೇ ಊಟದ ಗಾಡಿಯನ್ನು ಕೊಂಡು ತಮ್ಮ ವಸ್ತುಸಂಗ್ರಹಾಲಯದಲ್ಲಿ ಇಟ್ಟರು. ವಿದ್ಯುತ್ ಕಂಪನಿಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಅವರು ರಾತ್ರಿ ತಿನ್ನುತ್ತಿದ್ದ ಗಾಡಿ ಅದು. ಅದೇ ಸಂಗ್ರಹಾಲಯ 1984ರಲ್ಲಿ ವೂಸ್ಟರ್ ಕಂಪನಿ ಕಟ್ಟಿದ ಲ್ಯಾಮೀಸ್ ಡೈನರನ್ನೂ ಕೊಂಡಿತು. ಎರಡನೇ ಮಹಾಯುದ್ಧದಿಂದ ವಾಪಸ್ ಬಂದ ಕ್ಲೋವಿಸ್ ಲ್ಯಾಮಿ ಅನ್ನುವವರು 1946ರಲ್ಲಿ ಆಸೆಪಟ್ಟು ಮಾಡಿಸಿದ್ದು.

ನ್ಯೂಯಾರ್ಕಿನ ಮೂನ್‌ಡ್ಯಾನ್ಸ್ ಡೈನರಿನ ಕಥೆ ಕೇಳಿ. 2007ರಲ್ಲಿ ಆ ಜಾಗದಲ್ಲಿ ದೊಡ್ಡ ಕಟ್ಟಡ ಬರುವುದಿತ್ತು. ದೂರದ ವಯೋಮಿಂಗ್ ರಾಜ್ಯದ ಲಾ ಬಾರ್ಜ್ ಅನ್ನುವ ಪುಟ್ಟ ಊರಿನ ದಂಪತಿ ಅದನ್ನು ಕೊಂಡರು. ಲಾರಿಯ ಮೇಲೆ ಎರಡು ಸಾವಿರ ಮೈಲಿಗೂ ಜಾಸ್ತಿ ದೂರ ಸಾಗಿಸಿದರು. ಚಳಿಗಾಲದಲ್ಲಿ ಹಿಮದ ಭಾರಕ್ಕೆ ಮಾಡು ಕುಸಿಯಿತು. ಸರಿಮಾಡಿ 2009ರಲ್ಲಿ ಬಾಗಿಲು ತೆರೆದರು. 2012ರಲ್ಲಿ ಮುಚ್ಚಿತು. ಅವರ ಶ್ರಮಕ್ಕೆ ಕೈ ಮುಗಿಯುತ್ತೇನೆ. ಆದರೆ ಬೋಗಿಯನ್ನು ಎತ್ತಿಕೊಂಡು ಹೋಗಬಹುದು, ಬೆಳಿಗ್ಗೆ ಐದು ಮುಕ್ಕಾಲಿಗೆ ಬರುವವರನ್ನು ಎತ್ತಿಕೊಂಡು ಹೋಗಲು ಆಗುವುದಿಲ್ಲವಲ್ಲ.

ಅವತ್ತು ಮಾತು ಮುಗಿಸುವ ಹೊತ್ತಿಗೆ ಸಭೆಯಲ್ಲಿ ಒಬ್ಬ ಹುಡುಗಿ ಎದ್ದು ಕೇಳಿದಳು: 'ಸರ್, ನಿಮ್ಮ ಡೈನರ್ ಈಗ ಇದೆಯಾ?'

ಇಲ್ಲ. 2019ರ ಮೇ ತಿಂಗಳಲ್ಲಿ ಮುಚ್ಚಿತು. ನಾನು ವಾಪಸ್ ಹೊರಡುವುದಕ್ಕೆ ಎರಡು ತಿಂಗಳ ಮೊದಲು. ಬಾಗಿಲಿಗೆ ಕೈಬರಹದ ಒಂದು ಚೀಟಿ ಅಂಟಿಸಿದ್ದರು, 45 ವರ್ಷಕ್ಕೆ ಧನ್ಯವಾದ ಅಂತ. ಕೊನೆಯ ಭಾನುವಾರ ಸಾಲು ರಸ್ತೆಯವರೆಗೂ ಬಂದಿತ್ತು. ಹನ್ನೊಂದು ಗಂಟೆಗೇ ಮೊಟ್ಟೆ ಖಾಲಿ. ಬಡಿಸುವ ಹೆಂಗಸು ಕೌಂಟರಿನ ಆ ತುದಿಯಿಂದ 'ಎಯ್ಟಿ ಸಿಕ್ಸ್ ಎಗ್ಸ್' ಅಂತ ಕೂಗಿದರು. ಕೂಗಿ ಅಲ್ಲೇ ನಿಂತುಬಿಟ್ಟರು, ಸ್ವಲ್ಪ ಹೊತ್ತು ಕಾಫಿ ಪಾತ್ರೆ ಕೈಯಲ್ಲೇ ಇತ್ತು. ಯಾಯಾ ಅವತ್ತು ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳಲಿಲ್ಲ. ಜನ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟು ಹೋದರು, ಅದನ್ನೆಲ್ಲ ಒಟ್ಟು ಮಾಡಿ ಬಡಿಸುವವರಿಗೆ ಹಂಚಿದರು.

ಬಸ್ಸಿನ ಹಿರಿಯರು ಅವತ್ತೂ ಐದು ಮುಕ್ಕಾಲಿಗೇ ಬಂದಿದ್ದರಂತೆ. ನಾನು ಹೋದದ್ದು ಏಳಕ್ಕೆ. ಅವರು ಇನ್ನೂ ಕೂತಿದ್ದರು, ಮೂರನೇ ಕಪ್ ಕಾಫಿ. ಏಳುವ ಹೊತ್ತಿಗೆ ಮಗ ಕಾವಲಿ ಬಿಟ್ಟು ಈ ಕಡೆ ಬಂದ. ಮೇಣದ ಕಾಗದದ ಪೊಟ್ಟಣ ಕೊಟ್ಟ. ಹಿರಿಯರು ಅದನ್ನು ಬಿಚ್ಚಿದರು. ಅರ್ಧ ಟೋಸ್ಟನ್ನು ಅಲ್ಲೇ ಇನ್ನೊಮ್ಮೆ ಅರ್ಧ ಮಾಡಿದರು. ಒಂದು ತುಂಡನ್ನು ಮಗನಿಗೆ ಕೊಟ್ಟರು. ಇಬ್ಬರೂ ಕೌಂಟರಿನ ಈ ಕಡೆ, ಆ ಕಡೆ ನಿಂತು ತಿಂದರು. ಕಾವಲಿಯ ಮೇಲೆ ಯಾರದ್ದೋ ಆಲೂಗಡ್ಡೆ ಸೀಯುತ್ತಿತ್ತು. ಸೊಸೆ ಹೋಗಿ ತಿರುವಿ ಹಾಕಿದಳು.